ಪೂರ್ವವರ್ಧಕದ ಪೂರ್ವಕಥೆ

ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಮುಳ್ಳು ಓಡುತ್ತಿರುವಾಗ, ಅದರ ಬೆನ್ನಿಗೆ ಕೂಡಿಸಿದ ಪುಟ್ಟ ಅಯಸ್ಕಾಂತವೂ ತಂತಿಯ ಸುರುಳಿಯೂ ಸೇರಿ ಹುಟ್ಟಿಸುವ ವಿದ್ಯುತ್ತು ಎಷ್ಟೆಂದು ಬಲ್ಲಿರಾ? ಒಂದು ವೋಲ್ಟನ್ನು ಸಾವಿರ ಪಾಲು ಮಾಡಿ ಅದರಲ್ಲಿ ಐದು ಪಾಲು ತೆಗೆದುಕೊಂಡರೆ ಎಷ್ಟಾಗುವುದೋ ಹೆಚ್ಚುಕಡಮೆ ಅಷ್ಟು. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ೧.೫ ವೋಲ್ಟು ಇರುವುದಷ್ಟೆ. ಇದು ಅದರ ೩೦೦ರಲ್ಲಿ ಒಂದು ಪಾಲು. ಇಷ್ಟು ಬಡ ವಿದ್ಯುತ್ತನ್ನು ನೇರವಾಗಿ ದೊಡ್ಡ ಧ್ವನಿವರ್ಧಕಕ್ಕೆ ಕೊಟ್ಟರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಒಂದು ವೋಲ್ಟಿನ ಆಸುಪಾಸಿನಲ್ಲಿ ಕೊಡಬೇಕು. ಎಂದರೆ, ಮುಳ್ಳಿಗೂ ಧ್ವನಿವರ್ಧಕಕ್ಕೂ ನಡುವೆ ಯಾರಾದರೂ ನಿಂತು, ಮುಳ್ಳು ಪಿಸುಗುಟ್ಟಿದ್ದನ್ನು ೨೦೦ ಪಟ್ಟು ಹಿಗ್ಗಿಸಿ, ಒಂದಕ್ಷರವೂ ತಪ್ಪದಂತೆ ಮುಂದಕ್ಕೆ ಹೇಳಬೇಕು. ಈ ನಡುವಿನವನೇ ಪ್ರೀಆಂಪ್ಲಿಫಯರ್. ಕನ್ನಡದಲ್ಲಿ ಪೂರ್ವವರ್ಧಕ ಎನ್ನೋಣ.

ವ್ಯಾಕರಣ ಛಂದಸ್ಸುಗಳ ಪಾಠ ಹೇಳುವ ಪಂಡಿತನಿಗೆ ವಾಲ್ವುಗಳ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣ ಉಂಟು. ನಮ್ಮ ಹಳೆಯ ಗ್ರಂಥಗಳು ಉಳಿದು ಬಂದದ್ದು ಅರಮನೆಯ ಭಂಡಾರದಿಂದ ಮಾತ್ರವಲ್ಲ. ಒಂದು ಓಲೆಯ ಕಟ್ಟನ್ನು ನೋಡಿ ಇನ್ನೊಂದು ಕಟ್ಟು ಬರೆದುಕೊಂಡ ಅಸಂಖ್ಯಾತ ಲಿಪಿಕಾರರಿಂದ. ಮನೆಯಲ್ಲಿ ಕಟ್ಟುವ ಪೂರ್ವವರ್ಧಕದ ಚರಿತ್ರೆಯೂ ಅಂಥದೇ. ಅದು ಕಾರ್ಖಾನೆಯಿಂದ ಕೊಳ್ಳುವ ಪೆಟ್ಟಿಗೆಯಾಗಿ ಮಾತ್ರ ಜನರ ಬಳಿಗೆ ಬರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ನಕ್ಷೆಯಾಗಿ ಬಂತು. ಆ ನಕ್ಷೆಯನ್ನು ನೋಡಿ ಪ್ರತಿ ಮಾಡಿದವರಲ್ಲಿ ಮೇಷ್ಟ್ರುಗಳಿದ್ದರು, ಗುಮಾಸ್ತರಿದ್ದರು, ಸೈನ್ಯದಿಂದ ಮನೆಗೆ ಮರಳಿದವರಿದ್ದರು. ಈ ಕಥೆಯನ್ನು ಬಲ್ಲವನಿಗೆ ಇಂದು ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದು ಕೂರುವಾಗ ತಾನು ಮಾಡುವುದೇನು, ಏಕೆ ಎಂಬುದು ತಿಳಿದಿರುತ್ತದೆ.

ಮೊದಲು ವಾಲ್ವಿನ ಹುಟ್ಟನ್ನು ನೋಡೋಣ. ೧೮೮೩ರಲ್ಲಿ ಅಮೆರಿಕದ ಎಡಿಸನ್ ತನ್ನ ವಿದ್ಯುದ್ದೀಪದ ಬುರುಡೆಯೊಳಗೆ ಒಂದು ಲೋಹದ ತಗಡನ್ನು ಇಟ್ಟು ನೋಡಿದಾಗ, ಕೆಂಪಗೆ ಕಾದ ತಂತಿಯಿಂದ ಆ ತಗಡಿಗೆ, ನಡುವೆ ಏನೂ ಅಂಟಿಕೊಂಡಿಲ್ಲದಿದ್ದರೂ, ವಿದ್ಯುತ್ತು ಹರಿಯುವುದನ್ನು ಕಂಡನು. ಕಂಡನು, ಪೇಟೆಂಟ್ ಪಡೆದನು, ಬಿಟ್ಟನು. ಅದರ ಉಪಯೋಗ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರೊಫೆಸರ್ ಫ್ಲೆಮಿಂಗ್ ೧೯೦೪ರಲ್ಲಿ, ಈ ಹರಿವು ಒಂದೇ ದಿಕ್ಕಿನಲ್ಲಿ ಮಾತ್ರ ನಡೆಯುವುದನ್ನು ಗಮನಿಸಿ, ನಿಸ್ತಂತು ತರಂಗಗಳನ್ನು ಗುರುತಿಸಲು ಅದನ್ನು ಬಳಸಿದನು. ಒಂದೇ ಕಡೆಗೆ ತೆರೆಯುವ ಬಾಗಿಲಿನಂತಿದ್ದುದರಿಂದ ಅದಕ್ಕೆ ವಾಲ್ವ್ ಎಂದು ಹೆಸರಾಯಿತು. ನಮ್ಮಲ್ಲಿ ಕವಾಟ ಎಂಬ ಮಾತು ಇದಕ್ಕೆ ಸರಿಹೊಂದುತ್ತದೆ. ಹೃದಯಕ್ಕೂ ಕವಾಟ, ಬಾನುಲಿಗೂ ಕವಾಟ. ಅಮೆರಿಕದವರು ಆಕಾರ ನೋಡಿ ಟ್ಯೂಬ್ ಎಂದರು, ಇಂಗ್ಲೆಂಡಿನವರು ಕೆಲಸ ನೋಡಿ ವಾಲ್ವ್ ಎಂದರು. ಕೆಲಸ ನೋಡಿ ಇಟ್ಟ ಹೆಸರೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಫ್ಲೆಮಿಂಗನ ಕವಾಟ ದನಿಯನ್ನು ದೊಡ್ಡದು ಮಾಡಲಾರದು. ಆ ಗುಣ ಬಂದದ್ದು ೧೯೦೬ರಲ್ಲಿ, ಲೀ ಡಿ ಫಾರೆಸ್ಟ್ ಎಂಬ ಅಮೆರಿಕದವನು ಕಾದ ತಂತಿಗೂ ತಗಡಿಗೂ ನಡುವೆ ಬಾಗಿಸಿದ ತಂತಿಯೊಂದನ್ನು ಜಾಲರಿಯಂತೆ ನಿಲ್ಲಿಸಿದಾಗ. ಇದೇ ಗ್ರಿಡ್. ಕಾಲುವೆಯ ತೂಬನ್ನು ಒಬ್ಬ ಹುಡುಗ ಬೆರಳಿನಿಂದ ಎತ್ತಿ ಇಳಿಸಿದರೆ ಸಾವಿರಾರು ಕೊಡ ನೀರು ಹರಿಯುತ್ತದೆ, ನಿಲ್ಲುತ್ತದೆ. ಹಾಗೆಯೇ ಗ್ರಿಡ್ಡಿನ ಮೇಲೆ ಬಿದ್ದ ಅತ್ಯಲ್ಪ ವೋಲ್ಟು, ತಂತಿಯಿಂದ ತಗಡಿಗೆ ಹಾರುವ ಎಲೆಕ್ಟ್ರಾನುಗಳ ದೊಡ್ಡ ಪ್ರವಾಹವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಸೋಜಿಗವೆಂದರೆ, ಇದನ್ನು ಮಾಡಿದ ಡಿ ಫಾರೆಸ್ಟನಿಗೆ ಇದು ಕೆಲಸ ಮಾಡುವ ರೀತಿ ಸರಿಯಾಗಿ ತಿಳಿದಿರಲಿಲ್ಲ. ಬುರುಡೆಯಲ್ಲಿ ಉಳಿದ ಅನಿಲವೇ ಇದರ ಜೀವಾಳವೆಂದು ಅವನು ನಂಬಿದ್ದನು. ಅದನ್ನು ಬಿಡಿಸಿ ಹೇಳಿದವನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಡ್ವಿನ್ ಆರ್ಮ್‌ಸ್ಟ್ರಾಂಗ್. ೧೯೧೨ರಲ್ಲಿ ಅವನು ತಂದೆತಾಯಿಗಳ ಮನೆಯಲ್ಲೇ ಕುಳಿತು ಪ್ರಯೋಗ ನಡೆಸಿದನು. ಅನಿಲವನ್ನು ಪೂರ್ತಿ ತೆಗೆದರೆ ವಾಲ್ವು ಇನ್ನೂ ನೆಟ್ಟಗೆ ನಡೆಯುವುದೆಂದು ಆರ್ನಾಲ್ಡ್, ಲ್ಯಾಂಗ್‌ಮ್ಯೂರ್ ಎಂಬಿಬ್ಬರು ಬೇರೆ ಬೇರೆಯಾಗಿ ತೋರಿಸಿದರು. ೧೯೧೫ರಲ್ಲಿ ನ್ಯೂಯಾರ್ಕಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ಟೆಲಿಫೋನ್ ಮಾತು ನಡೆದದ್ದು ದಾರಿಯುದ್ದಕ್ಕೂ ಇಂಥ ವಾಲ್ವುಗಳು ದನಿಯನ್ನು ಎತ್ತಿ ಎತ್ತಿ ಕೊಟ್ಟಿದ್ದರಿಂದ.

ಗ್ರಾಮಫೋನಿಗೆ ಇನ್ನೂ ಹತ್ತು ವರ್ಷ ಈ ವಿದ್ಯೆ ಮುಟ್ಟಲಿಲ್ಲ. ೧೯೨೫ರವರೆಗೆ ಹಾಡುವವರು ದೊಡ್ಡ ಕಹಳೆಯೊಳಗೆ ತಲೆಯಿಟ್ಟು ಹಾಡಬೇಕಾಗಿತ್ತು. ಮನೆಯಲ್ಲಿಯೂ ಕಹಳೆಯೇ ಕೇಳಿಸಬೇಕಾಗಿತ್ತು. ಆ ವರ್ಷ ಮೈಕ್ರೋಫೋನಿನಿಂದ ಮುದ್ರಿಸುವ ಕ್ರಮ ಬಂದು ಎಲ್ಲವೂ ಬದಲಾಯಿತು. ಆಮೇಲೆ ಬಂದ ವಿದ್ಯುತ್ ಪಿಕಪ್ಪುಗಳು ಭಾರಿಯವು. ಮುಳ್ಳಿನ ಮೇಲೆ ಬೀಳುವ ಭಾರ ೧೦೦ ಗ್ರಾಮನ್ನೂ ಮೀರುತ್ತಿತ್ತು. ಅರಗಿನ ತಟ್ಟೆಯನ್ನು ಉಕ್ಕಿನ ಮುಳ್ಳು ಉಳುತ್ತಿತ್ತೆಂದರೂ ತಪ್ಪಲ್ಲ. ಅಷ್ಟು ಬಲವಾಗಿ ಅಲುಗಾಡಿಸಿದರೆ ವಿದ್ಯುತ್ತೂ ಧಾರಾಳವಾಗಿ ಹುಟ್ಟುತ್ತಿತ್ತು. ನಡುವೆ ಪೂರ್ವವರ್ಧಕ ಬೇಕಾಗಿರಲಿಲ್ಲ. ರೇಡಿಯೋವಿನ ಹಿಂಬದಿಯಲ್ಲಿ ಪಿಕಪ್ ಎಂದು ಬರೆದ ಎರಡು ತೂತಿಗೆ ತಂತಿ ಸಿಕ್ಕಿಸಿದರೆ ಸಾಕಾಗುತ್ತಿತ್ತು. ಹಳೆಯ ವಾಲ್ವ್ ರೇಡಿಯೋ ಮನೆಯಲ್ಲಿದ್ದವರು ಆ ತೂತುಗಳನ್ನು ನೋಡಿರುತ್ತಾರೆ.

೧೯೪೮ರಲ್ಲಿ ಕೊಲಂಬಿಯ ಕಂಪೆನಿಯವರು ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದರು. ನಿಮಿಷಕ್ಕೆ ೭೮ ಸುತ್ತು ಹೋಗಿ ೩೩⅓ ಸುತ್ತಾಯಿತು. ಅರಗಿನ ಬದಲು ಮೆತ್ತನೆಯ ವೈನಿಲ್ ಬಂತು. ಗೀರು ಕೂದಲಿನಷ್ಟು ಸಣ್ಣದಾಯಿತು. ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದ ಒಂದು ಪಕ್ಕ ಇಪ್ಪತ್ತು ನಿಮಿಷಕ್ಕೆ ಹಿಗ್ಗಿತು. ಹಳೆಯ ತಟ್ಟೆಯಲ್ಲಿ ನಮ್ಮ ವಿದ್ವಾಂಸರು ರಾಗದ ಆಲಾಪನೆಯನ್ನು ಉಸಿರು ಬಿಗಿಹಿಡಿದು ಮುಗಿಸುತ್ತಿದ್ದುದನ್ನು ಕೇಳಿದವರಿಗೆ ಇದು ಎಂಥ ಬಿಡುಗಡೆಯೆಂಬುದು ಗೊತ್ತು. ಆದರೆ ಈ ಕೋಮಲವಾದ ತಟ್ಟೆಯ ಮೇಲೆ ೧೦೦ ಗ್ರಾಮಿನ ಭಾರ ಹೇರಿದರೆ ಒಂದೇ ದಿನದಲ್ಲಿ ಹಾಳು. ಭಾರ ೧೦ ಗ್ರಾಮಿಗಿಂತ ಕೆಳಗಿಳಿಯಿತು, ಬರಬರುತ್ತ ಎರಡು ಮೂರು ಗ್ರಾಮಿಗೆ ಬಂತು. ಹಗುರವಾದ ಅಯಸ್ಕಾಂತದ ಪಿಕಪ್ಪಿನಲ್ಲಿ ಹುಟ್ಟುವ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಬಡವಾಯಿತು. ಪೂರ್ವವರ್ಧಕ ಎಂಬುದು ಹವ್ಯಾಸಿಯ ಮೇಜಿನ ಮೇಲೆ ಬಂದು ಕುಳಿತದ್ದು ಹೀಗೆ: ತಟ್ಟೆಯನ್ನು ಉಳಿಸಲು ದನಿಯನ್ನು ಸಣ್ಣದು ಮಾಡಿದರು, ಸಣ್ಣದಾದ ದನಿಯನ್ನು ಎತ್ತಲು ವಾಲ್ವು ಬೇಕಾಯಿತು.

ಈಗ ನಕ್ಷೆಯ ಕಥೆಗೆ ಬರೋಣ. ಲಂಡನ್ನಿನಿಂದ ಹೊರಡುತ್ತಿದ್ದ ‘ವೈರ್‌ಲೆಸ್ ವರ್ಲ್ಡ್’ ಎಂಬ ಪತ್ರಿಕೆ ೧೯೧೧ರಲ್ಲಿ ಮಾರ್ಕೋನಿ ಕಂಪೆನಿಯ ಪತ್ರಿಕೆಯಾಗಿ ಬೇರೆ ಹೆಸರಿನಲ್ಲಿ ಹುಟ್ಟಿ, ೧೯೧೩ರಲ್ಲಿ ಈ ಹೆಸರು ಪಡೆಯಿತು. ಅದರ ೧೯೪೭ರ ಏಪ್ರಿಲ್ ಮತ್ತು ಮೇ ಸಂಚಿಕೆಗಳಲ್ಲಿ ಉತ್ತಮ ಗುಣದ ಧ್ವನಿವರ್ಧಕವೊಂದರ ರಚನೆಯನ್ನು ಕುರಿತು ಲೇಖನ ಬಂತು. ಬರೆದವನು ಡಿ. ಟಿ. ಎನ್. ವಿಲಿಯಂಸನ್, ಎಡಿನ್‌ಬರೋ ನಗರದವನು, ವಯಸ್ಸು ೨೪. ಯುದ್ಧಕಾಲದಲ್ಲಿ ವಾಲ್ವ್ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿದ್ದಾಗ ಅವನು ಇದನ್ನು ರೂಪಿಸಿದ್ದನು. ಆಗ ಡೆಕ್ಕಾ ಕಂಪೆನಿಯವರು ಹೊಸ ಬಗೆಯ ತಟ್ಟೆಗಳನ್ನು ತರುತ್ತಿದ್ದರು. ಜಲಾಂತರ್ಗಾಮಿಗಳ ಸದ್ದನ್ನು ಒಂದರಿಂದ ಒಂದು ಬೇರ್ಪಡಿಸಿ ಗುರುತಿಸಲು ಕಲಿಸಬೇಕೆಂದು ಯುದ್ಧಕ್ಕಾಗಿ ಬೆಳೆಸಿದ ಮುದ್ರಣದ ಕುಶಲತೆಯೇ ಆ ತಟ್ಟೆಗಳ ಹಿಂದೆ ಇತ್ತು. ತಟ್ಟೆ ಉತ್ತಮವಾಯಿತು, ಅದನ್ನು ಕೇಳಿಸುವ ಯಂತ್ರ ಹಿಂದೆ ಬಿತ್ತು.

ವಿಲಿಯಂಸನ್ ಬಳಸಿದ ಉಪಾಯಕ್ಕೆ ಋಣ ಪೂರಣ ಎನ್ನಬಹುದು; ಇಂಗ್ಲಿಷಿನವರು ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೊರಗೆ ಬಂದ ದನಿಯಲ್ಲಿ ಒಂದಂಶವನ್ನು ತಿರುಗುಮುರುಗು ಮಾಡಿ ಒಳಗಿನ ಬಾಗಿಲಿಗೆ ಮರಳಿ ಕೊಡುವುದು. ಯಂತ್ರ ತಾನು ಹೇಳಿದ್ದನ್ನು ತಾನೇ ಕೇಳಿ, ಮೂಲಕ್ಕೆ ಹೋಲಿಸಿ, ತಪ್ಪಿದಷ್ಟನ್ನು ತಿದ್ದಿಕೊಳ್ಳುತ್ತದೆ. ಹಾಡುವವರು ತಂಬೂರಿಯ ಶ್ರುತಿಗೆ ತಮ್ಮ ಕಂಠವನ್ನು ಕ್ಷಣಕ್ಷಣಕ್ಕೂ ಹೊಂದಿಸಿಕೊಳ್ಳುವುದಿಲ್ಲವೆ? ಹಾಗೆ. ಈ ಉಪಾಯ ಹೆರಾಲ್ಡ್ ಬ್ಲ್ಯಾಕ್ ಎಂಬ ಟೆಲಿಫೋನ್ ಇಂಜಿನಿಯರನಿಗೆ ೧೯೨೭ರ ಆಗಸ್ಟ್ ೨ರಂದು, ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಹೊಳೆಯಿತು. ಬೇರೆ ಕಾಗದವಿಲ್ಲದೆ ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಅದನ್ನು ಬರೆದುಕೊಂಡನು. ವಿಲಿಯಂಸನ್ ಇದನ್ನು ಎಷ್ಟು ಜಾಣತನದಿಂದ ಬಳಸಿದನೆಂದರೆ, ೧೫ ವಾಟ್ ಶಕ್ತಿಯಲ್ಲಿ ಅವನ ಯಂತ್ರದ ವಿಕಾರ ಸಾವಿರದಲ್ಲಿ ಒಂದು ಪಾಲನ್ನೂ ಮೀರಲಿಲ್ಲ. ೧೯೪೭ರಲ್ಲಿ ಅದು ಬಹು ದೊಡ್ಡ ಮಾತು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅವನು ರಹಸ್ಯವನ್ನು ಇಟ್ಟುಕೊಳ್ಳಲಿಲ್ಲ. ಯಾವ ವಾಲ್ವು, ಎಷ್ಟು ಓಮಿನ ರೆಸಿಸ್ಟರು, ಟ್ರಾನ್ಸ್‌ಫಾರ್ಮರಿನಲ್ಲಿ ತಂತಿಯನ್ನು ಎಷ್ಟು ಸುತ್ತು ಹೇಗೆ ಸುತ್ತಬೇಕು ಎಂಬುದನ್ನೆಲ್ಲ ಒಂದನ್ನೂ ಬಿಡದೆ ಅಚ್ಚು ಹಾಕಿಸಿದನು. ಪತ್ರಿಕೆ ಕೊಂಡವನ ಕೈಗೆ ಯಂತ್ರವೇ ಬಂದಂತಾಯಿತು. ಹೊಸ ಪಿಕಪ್ಪುಗಳು ಬರುತ್ತಿದ್ದಂತೆ ೧೯೪೯ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನಮಾಲೆ ಬರೆದು, ಗ್ರಾಮಫೋನಿಗೆ ಬೇಕಾದ ಪೂರ್ವವರ್ಧಕವನ್ನೂ, ಮಂದ್ರ ತಾರಗಳನ್ನು ಏರಿಸಿ ಇಳಿಸುವ ತಿರುಗಣಿಗಳನ್ನೂ ಕೊಟ್ಟನು.

ಆಮೇಲೆ ನಡೆದದ್ದು ಗ್ರಂಥಸಂಪಾದನೆ ಮಾಡಿದವರಿಗೆ ಪರಿಚಿತವಾದ ಸಂಗತಿ. ಪಾಠಾಂತರಗಳು ಹುಟ್ಟಿಕೊಂಡವು. ವಿಲಿಯಂಸನ್ ಹೇಳಿದ ಕೆ. ಟಿ. ೬೬ ಎಂಬ ಬ್ರಿಟಿಷ್ ವಾಲ್ವು ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಕ್ಕುಳಿದ ೮೦೭ ಎಂಬ ವಾಲ್ವುಗಳು ಅಗ್ಗವಾಗಿ ದೊರೆಯುತ್ತಿದ್ದವು. ೧೯೪೯ರ ನವೆಂಬರಿನಲ್ಲಿ ಅಲ್ಲಿನ ‘ಆಡಿಯೋ ಇಂಜಿನಿಯರಿಂಗ್’ ಪತ್ರಿಕೆಯಲ್ಲಿ ಸಾರ್ಸರ್, ಸ್ಪ್ರಿಂಕಲ್ ಎಂಬಿಬ್ಬರು ಆ ವಾಲ್ವನ್ನು ಹೊಂದಿಸಿ ‘ಸಂಗೀತಗಾರರ ವರ್ಧಕ’ ಎಂಬ ಅರ್ಥದ ಹೆಸರಿನಲ್ಲಿ ಅಮೆರಿಕದ ಪಾಠವನ್ನು ಪ್ರಕಟಿಸಿದರು. ಹೀತ್‌ಕಿಟ್ ಎಂಬ ಸಂಸ್ಥೆ ೧೯೪೭ರಲ್ಲಿ ಯುದ್ಧದ ಮಿಗುತಾಯದ ಸಾಮಾನಿನಿಂದಲೇ ೩೯.೫೦ ಡಾಲರಿಗೆ ಒಂದು ಆಸಿಲೋಸ್ಕೋಪನ್ನು ಬಿಡಿಭಾಗಗಳಾಗಿ ಮಾರಲು ತೊಡಗಿತ್ತು. ಮುಂದೆ ವಿಲಿಯಂಸನ್ ವರ್ಧಕವನ್ನೂ ಹಾಗೆಯೇ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳುಹಿಸಿತು. ೧೯೫೨ರಲ್ಲಿ ಪೀಟರ್ ಬ್ಯಾಕ್ಸಂಡಾಲ್ ಎಂಬವನು ಮಂದ್ರ ತಾರಗಳ ತಿರುಗಣಿಗೆ ಹೊಸ ಸರ್ಕಿಟ್ಟನ್ನು ‘ವೈರ್‌ಲೆಸ್ ವರ್ಲ್ಡ್’ನಲ್ಲೇ ಬರೆದನು. ನಿಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಬಾಸ್, ಟ್ರೆಬಲ್ ಎಂದು ಎರಡು ಗುಂಡಿಗಳಿದ್ದರೆ, ಅವುಗಳ ಹಿಂದೆ ಬ್ಯಾಕ್ಸಂಡಾಲನ ನಕ್ಷೆಯ ಒಂದು ಮರಿಪ್ರತಿ ಇರುವ ಸಂಭವ ಹೆಚ್ಚು. ಮುಲ್ಲಾರ್ಡ್ ಎಂಬ ವಾಲ್ವ್ ಕಂಪೆನಿಯವರಂತೂ ೧೯೫೪ರಿಂದ ನಕ್ಷೆಗಳನ್ನು ತಾವೇ ಪ್ರಚಾರ ಮಾಡಿ, ೧೯೫೯ರಲ್ಲಿ ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡಿದರು. ನಕ್ಷೆ ಹಂಚಿದರೆ ವಾಲ್ವು ಮಾರಾಟವಾಗುವುದೆಂಬ ವ್ಯಾಪಾರದ ಲೆಕ್ಕ ಅದರಲ್ಲಿ ಇಲ್ಲದಿರಲಿಲ್ಲ. ಇರಲಿ, ಕಲಿಯುವವನಿಗೆ ಲಾಭವಾಯಿತು.

ಪೂರ್ವವರ್ಧಕ ಹಿಗ್ಗಿಸುವುದಷ್ಟನ್ನೇ ಮಾಡಿದರೆ ಸಾಲದು. ಅದಕ್ಕೆ ಇನ್ನೊಂದು ಕೆಲಸ ಉಂಟು. ಹೊಸಬರು ಎಡವುವುದು ಇಲ್ಲಿಯೇ. ತಟ್ಟೆ ಮುದ್ರಿಸುವಾಗ ಮಂದ್ರ ಸ್ವರಗಳನ್ನು ಇದ್ದಂತೆ ಕೊರೆದರೆ ಗೀರು ಅತ್ತಿತ್ತ ಬಳುಕಿ ಪಕ್ಕದ ಗೀರಿಗೆ ನುಗ್ಗುತ್ತದೆ. ಆದ್ದರಿಂದ ಅವನ್ನು ಕುಗ್ಗಿಸಿ ಕೊರೆಯುತ್ತಾರೆ. ತಾರ ಸ್ವರಗಳು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗಬಾರದೆಂದು ಅವನ್ನು ಹಿಗ್ಗಿಸಿ ಕೊರೆಯುತ್ತಾರೆ. ಕೇಳುವಾಗ ಇದನ್ನು ತಲೆಕೆಳಗು ಮಾಡಬೇಕು. ಸಂಧಿ ಮಾಡಿ ಬರೆದದ್ದನ್ನು ಪದ ಬಿಡಿಸಿ ಓದುವ ಹಾಗೆ. ಮೊದಲು ಒಂದೊಂದು ಕಂಪೆನಿಯದೂ ಒಂದೊಂದು ಸಂಧಿನಿಯಮ. ಒಬ್ಬರ ತಟ್ಟೆಗೆ ಸರಿಯಾದ ಪೂರ್ವವರ್ಧಕ ಇನ್ನೊಬ್ಬರ ತಟ್ಟೆಗೆ ಒಗ್ಗುತ್ತಿರಲಿಲ್ಲ. ೧೯೫೪ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದವರ ಸಂಘ ಆರ್. ಐ. ಎ. ಎ. ಒಂದೇ ನಿಯಮವನ್ನು ಗೊತ್ತುಮಾಡಿತು. ಕ್ರಮೇಣ ಲೋಕವೆಲ್ಲ ಅದನ್ನು ಒಪ್ಪಿತು. ಸೆಕೆಂಡಿಗೆ ೧೦೦೦ ಕಂಪನದ ನಡುಸ್ವರವನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ೨೦ ಕಂಪನದ ಮಂದ್ರವನ್ನು ಅದಕ್ಕಿಂತ ಸುಮಾರು ೧೦ ಪಟ್ಟು ಏರಿಸಬೇಕು, ೨೦,೦೦೦ ಕಂಪನದ ತಾರವನ್ನು ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕು. ನಾಲ್ಕಾರು ರೆಸಿಸ್ಟರು ಕೆಪಾಸಿಟರುಗಳಲ್ಲಿ ಇದೆಲ್ಲ ಮುಗಿದುಹೋಗುತ್ತದೆ.

ನಮ್ಮ ನಾಡಿನ ಮಾತನ್ನೂ ಇಲ್ಲಿ ಹೇಳಬೇಕು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ೩೦ ವಾಟಿನ ಪ್ರೇಷಕವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಾನುಲಿಗೆ ಮೊದಲು ಅಂಟಿದ್ದು ಅಲ್ಲಿಯೇ. ಮನಶ್ಶಾಸ್ತ್ರದವರಿಗೆ ವಾಲ್ವಿನ ಗೊಡವೆಯೇಕೆ ಎಂದು ಅವರನ್ನು ಕೇಳಿದವರು ಆಗಲೂ ಇದ್ದಿರಬೇಕು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ತೊಡಗಿತು. ಮರುವರ್ಷವೇ, ೧೯೬೨ರಲ್ಲಿ, ಅದೇ ಕಾರ್ಖಾನೆ ಜರ್ಮೇನಿಯಮ್ಮಿನ ಅರೆವಾಹಕಗಳನ್ನೂ ಮಾಡಲಾರಂಭಿಸಿತು. ವಾಲ್ವು ಮತ್ತು ಅದನ್ನು ಮನೆಯಿಂದ ಓಡಿಸಿದ ಟ್ರಾನ್ಸಿಸ್ಟರು ನಮ್ಮೂರಿನಲ್ಲಿ ಒಂದು ವರ್ಷದ ಅಂತರದ ಅಣ್ಣತಮ್ಮಂದಿರು. ಲೋಕದ ಲೆಕ್ಕದಲ್ಲಿಯೂ ಹಾಗೆಯೇ: ವಿಲಿಯಂಸನ್ ಲೇಖನ ಬಂದ ೧೯೪೭ರ ಕೊನೆಯ ತಿಂಗಳಲ್ಲೇ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವಿನ ಪ್ರೌಢಿಮೆಯೂ ಅದರ ಅವಸಾನದ ಬೀಜವೂ ಒಂದೇ ವರ್ಷದವು.

ಅವಸಾನವೆಂದೆನಾದರೂ ಪೂರ್ತಿ ಅವಸಾನವಾಗಲಿಲ್ಲ. ಗಿಟಾರ್ ನುಡಿಸುವವರು ವಾಲ್ವನ್ನು ಬಿಡಲೊಲ್ಲದೆ ಹೋದರು. ಅವರ ಬೇಡಿಕೆಯಿಂದಾಗಿ ರಷ್ಯದ ಸಾರಾಟೊವ್‌ನಲ್ಲಿಯೂ ಸ್ಲೊವಾಕಿಯದ ಚಾದ್ಸಾ ಎಂಬ ಊರಿನಲ್ಲಿಯೂ ಈ ಶತಮಾನದಲ್ಲೂ ವಾಲ್ವುಗಳ ತಯಾರಿಕೆ ಮುಂದುವರಿದಿದೆ. ವಾಲ್ವಿನ ದನಿ ಟ್ರಾನ್ಸಿಸ್ಟರಿನ ದನಿಗಿಂತ ಮಧುರವೆ? ಈ ವಾದಕ್ಕೆ ಕೊನೆಯಿಲ್ಲ. ನಾನು ಅದರಲ್ಲಿ ಕೂಡುವವನಲ್ಲ. ಪೂರ್ವವರ್ಧಕದ ಕೆಲಸವನ್ನು ಉಗುರಿನಷ್ಟಗಲದ ಚಿಪ್ಪು ಕೆಲವೇ ರೂಪಾಯಿಗೆ, ಇನ್ನೂ ಕಡಮೆ ಗದ್ದಲದಿಂದ ಮಾಡಬಲ್ಲದು. ಆದರೆ ಕಲಿಯುವವನಿಗೆ ಚಿಪ್ಪಿನೊಳಗೆ ಏನೂ ಕಾಣುವುದಿಲ್ಲ. ವಾಲ್ವಿನಲ್ಲಿ ಕಾದ ತಂತಿ ಕಾಣುತ್ತದೆ, ತಗಡು ಕಾಣುತ್ತದೆ. ಒಂದೊಂದು ಭಾಗಕ್ಕೂ ಮೀಟರಿನ ಕಡ್ಡಿ ಮುಟ್ಟಿಸಿ ಪ್ರಶ್ನೆ ಕೇಳಬಹುದು. ಅಷ್ಟು ಸಾಕು.

ಕಟ್ಟುವವನಿಗೆ ಮೊದಲು ಬೇಕಾದದ್ದು ಹೆಸರು ಬಿಡಿಸುವ ವಿದ್ಯೆ. ಪೂರ್ವವರ್ಧಕಗಳಲ್ಲಿ ಬಹುವಾಗಿ ಕಾಣುವ ವಾಲ್ವು ಇ. ಸಿ. ಸಿ. ೮೩. ಇದಕ್ಕೆ ವಿಗ್ರಹವಾಕ್ಯ ಹೇಳೋಣ. ‘ಇ’ ಎಂದರೆ ಕಾಯಿಸುವ ತಂತಿಗೆ ೬.೩ ವೋಲ್ಟು, ‘ಸಿ’ ಎಂದರೆ ತಂತಿ, ಜಾಲರಿ, ತಗಡು ಎಂಬ ಮೂರು ಅಂಗದ ಟ್ರಯೋಡ್, ಇನ್ನೊಂದು ‘ಸಿ’ ಬಂದರೆ ಒಂದೇ ಗಾಜಿನಲ್ಲಿ ಅಂಥವು ಎರಡು, ೮ ಎಂದರೆ ಒಂಬತ್ತು ಕಾಲಿನ ಸಣ್ಣ ಪೀಠ, ಕೊನೆಯ ೩ ಅದರ ಸರದಿಯ ಗುರುತು. ಯೂರೋಪಿನವರು ೧೯೩೪ರಿಂದ ನಡೆಸಿಕೊಂಡು ಬಂದ ಕ್ರಮ ಇದು. ಅಮೆರಿಕದವರು ಇದೇ ವಾಲ್ವನ್ನು ೧೨ ಎ. ಎಕ್ಸ್. ೭ ಎನ್ನುತ್ತಾರೆ. ಬಹುವ್ರೀಹಿ ಸಮಾಸ ಬಿಡಿಸಬಲ್ಲ ಹುಡುಗನಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ಇನ್ನು ನಕ್ಷೆ. ನಮ್ಮ ಶಾಲೆಯ ಭೌತಶಾಸ್ತ್ರದ ಉಪಾಧ್ಯಾಯರು ನನಗೆ ತೋರಿಸಿಕೊಟ್ಟ ಪ್ರಕಾರ, ಒಂದು ಹಂತವನ್ನು ಬಲ್ಲವನು ಎಲ್ಲವನ್ನೂ ಬಲ್ಲ. ೨೫೦ ವೋಲ್ಟಿನ ವಿದ್ಯುತ್ತು ೧,೦೦,೦೦೦ ಓಮಿನ ರೆಸಿಸ್ಟರಿನ ಮೂಲಕ ತಗಡಿಗೆ ಬರುತ್ತದೆ. ತಗಡಿಗೆ ಆನೋಡ್ ಎಂದೂ, ಎಲೆಕ್ಟ್ರಾನುಗಳನ್ನು ಕೊಡುವ ಕಾದ ಭಾಗಕ್ಕೆ ಕ್ಯಾಥೋಡ್ ಎಂದೂ ಹೆಸರು. ಕ್ಯಾಥೋಡಿನಿಂದ ನೆಲಕ್ಕೆ ೧೫೦೦ ಓಮು. ಗ್ರಿಡ್ಡಿನಿಂದ ನೆಲಕ್ಕೆ ಹತ್ತು ಲಕ್ಷ ಓಮು. ಇಷ್ಟೇ. ದನಿ ಗ್ರಿಡ್ಡಿಗೆ ಹೋಗುತ್ತದೆ, ಆನೋಡಿನಿಂದ ೫೦ ಪಟ್ಟಿಗೂ ಮಿಗಿಲಾಗಿ ಹೊರಬರುತ್ತದೆ. ವಾಲ್ವಿನ ಎರಡನೆಯ ಅರ್ಧದಲ್ಲಿ ಇನ್ನೊಮ್ಮೆ ೫೦ ಪಟ್ಟಾದರೆ ೨೫೦೦ ಪಟ್ಟಾಯಿತು. ಇವೆರಡರ ನಡುವೆ ಆರ್. ಐ. ಎ. ಎ. ನಿಯಮ ಬಿಡಿಸುವ ರೆಸಿಸ್ಟರು ಕೆಪಾಸಿಟರುಗಳು ಕೂರುತ್ತವೆ. ಅವು ನಡುಸ್ವರದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಸುಂಕವಾಗಿ ಕಿತ್ತುಕೊಳ್ಳುತ್ತವೆ. ಉಳಿದದ್ದು ೨೫೦ ಪಟ್ಟು. ನಾವು ಮೊದಲಲ್ಲಿ ಕೇಳಿದ್ದು ೨೦೦. ಒಂದು ಕಿವಿಯ ಹಾಡಿಗೆ ಒಂದೇ ವಾಲ್ವು ಸಾಕಾಯಿತು; ಸ್ಟೀರಿಯೋಗೆ ಎರಡು.

ಧ್ವನಿವರ್ಧಕದಲ್ಲಿ ವಿಲಿಯಂಸನ್ ಅಷ್ಟು ತಲೆಕೆಡಿಸಿಕೊಂಡ ಹೊರಗಣ ಟ್ರಾನ್ಸ್‌ಫಾರ್ಮರು ಪೂರ್ವವರ್ಧಕಕ್ಕೆ ಬೇಡ. ಹೊಸಬನು ಇದರಿಂದಲೇ ಆರಂಭಿಸುವುದು ಲೇಸೆನ್ನಲು ಅದು ಒಂದು ಕಾರಣ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ರೆಸಿಸ್ಟರು, ಕೆಪಾಸಿಟರುಗಳಿಗೆ ಅಲೆಯುವುದೂ ಒಂದು ಶಿಕ್ಷಣವೇ. ಆದರೆ ಕೆಪಾಸಿಟರು ಕೊಳ್ಳುವಾಗ ಅದು ತಡೆಯಬಲ್ಲ ವೋಲ್ಟು ೪೦೦ಕ್ಕೆ ಕಡಮೆಯಿರಬಾರದೆಂದು ನೋಡಿಕೊಳ್ಳಿರಿ.

ಅಪಾಯದ ಮಾತನ್ನು ಬಿಡಿಸಿ ಹೇಳತಕ್ಕದ್ದು ನನ್ನ ಕರ್ತವ್ಯ. ೨೫೦ ವೋಲ್ಟು ಕೊಲ್ಲಬಲ್ಲದು. ಸ್ವಿಚ್ಚು ಆರಿಸಿದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಅಡಗಿ ಕೂತಿರುತ್ತದೆ. ಅದು ತಾನಾಗಿ ಇಳಿದುಹೋಗುವಂತೆ ಅವುಗಳ ಎರಡು ಕಾಲಿಗೆ ಅಡ್ಡಲಾಗಿ ದೊಡ್ಡ ಓಮಿನ ರೆಸಿಸ್ಟರೊಂದನ್ನು ಬೆಸೆದಿರಬೇಕು. ಆದರೂ ಮೀಟರಿನಲ್ಲಿ ನೋಡಿದ ಹೊರತು ಕೈ ಹಾಕಬಾರದು. ವಿದ್ಯುತ್ತು ಇರುವಾಗ ಅಳೆಯುವುದಾದರೆ ಒಂದೇ ಕೈ ಬಳಸಿ ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಹಳೆಯ ರೇಡಿಯೋ ರಿಪೇರಿಯವರ ಸಂಪ್ರದಾಯ. ಎರಡು ಕೈ ಮುಟ್ಟಿದರೆ ವಿದ್ಯುತ್ತು ಎದೆಯನ್ನು ಹಾದುಹೋಗುತ್ತದೆಂಬುದು ಅದರ ಮರ್ಮ. ತಗಡಿನ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ತಂತಿಯನ್ನು ಬಿಗಿಯಾಗಿ ಕೂಡಿಸಿರಿ. ಇನ್ನೊಂದು ಸಂಗತಿ: ಅಟ್ಟದ ಮೇಲಿನ ಹಳೆಯ ರೇಡಿಯೋವನ್ನು ಬಿಚ್ಚಿ ಅದರ ಭಾಗಗಳಿಂದ ಕಟ್ಟೋಣವೆಂದು ತೋರುವುದು ಸಹಜ. ಅವುಗಳಲ್ಲಿ ಎ. ಸಿ., ಡಿ. ಸಿ. ಎರಡರಲ್ಲೂ ನಡೆಯುವಂತೆ ಮಾಡಿದ ಜಾತಿಯೊಂದುಂಟು. ಅವಕ್ಕೆ ಟ್ರಾನ್ಸ್‌ಫಾರ್ಮರಿಲ್ಲ, ಒಳಗಿನ ತಗಡೇ ಗೋಡೆಯ ವಿದ್ಯುತ್ತಿಗೆ ನೇರವಾಗಿ ಅಂಟಿರುತ್ತದೆ. ಅಂಥದನ್ನು ಮುಟ್ಟದೆ ಇರುವುದೇ ಕ್ಷೇಮ. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೂರಬೇಡಿರಿ. ಹುಡುಗರಾದರೆ ಬಲ್ಲವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಅಪಾಯ ಕಳೆದರೆ ಮುಂದಿನ ಶತ್ರು ಗುಂಯ್ ಎನ್ನುವ ಸದ್ದು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದೆ ಮುಂದೆ ತೂಗುತ್ತದೆ. ಆರ್. ಐ. ಎ. ಎ. ನಿಯಮ ಮಂದ್ರವನ್ನು ಏರಿಸುವುದೆಂದು ಹೇಳಿದೆನಷ್ಟೆ. ೫೦ ಕಂಪನದ ಸದ್ದನ್ನು ಅದು ನಡುಸ್ವರಕ್ಕಿಂತ ೭ ಪಟ್ಟು ಏರಿಸುತ್ತದೆ. ಹೀಗಾಗಿ ಮುಳ್ಳಿನ ದನಿಯೊಂದಿಗೆ ಕಳ್ಳನಂತೆ ನುಸುಳಿದ ಗೋಡೆಯ ವಿದ್ಯುತ್ತಿಗೆ ಪೂರ್ವವರ್ಧಕದಲ್ಲಿ ರಾಜಮರ್ಯಾದೆ ಸಿಗುತ್ತದೆ. ಪರಿಹಾರ ಹಳೆಯದೇ. ವಾಲ್ವನ್ನು ಕಾಯಿಸುವ ಎರಡು ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆದು ಪೆಟ್ಟಿಗೆಯ ಮೂಲೆಗೆ ಒತ್ತಿ ಒಯ್ಯಬೇಕು. ನೆಲದ ತಂತಿಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಸಬೇಕು. ಟ್ರಾನ್ಸ್‌ಫಾರ್ಮರನ್ನು ಮೊದಲ ವಾಲ್ವಿನಿಂದ ಆದಷ್ಟು ದೂರ, ಸಾಧ್ಯವಾದರೆ ಬೇರೆ ಪೆಟ್ಟಿಗೆಯಲ್ಲೇ ಇಡಬೇಕು.

ಮೊದಲ ಸಲ ಚಾಲೂ ಮಾಡುವಾಗ ಧ್ವನಿವರ್ಧಕಕ್ಕೆ ಕೂಡಿಸಬೇಡಿರಿ. ವಾಲ್ವಿನೊಳಗಣ ತಂತಿ ಕೆಂಪಗಾಗಲು ಅರ್ಧ ನಿಮಿಷ ಬಿಟ್ಟು, ಕ್ಯಾಥೋಡಿನಲ್ಲಿ ಎಷ್ಟು ವೋಲ್ಟಿದೆ ನೋಡಿರಿ. ೧.೩ರ ಸುಮಾರಿನಲ್ಲಿದ್ದರೆ ಅದನ್ನು ೧೫೦೦ರಿಂದ ಭಾಗಿಸಿರಿ. ವಾಲ್ವಿನಲ್ಲಿ ಹರಿಯುವ ವಿದ್ಯುತ್ತು ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿಗೆ ತುಸು ಕಡಮೆಯೆಂದು ಬರುತ್ತದೆ. ಅದೇ ಹರಿವು ಆನೋಡಿನ ಲಕ್ಷ ಓಮಿನಲ್ಲಿ ೮೭ ವೋಲ್ಟನ್ನು ತಿಂದಿರಬೇಕು; ೨೫೦ರಲ್ಲಿ ಅದನ್ನು ಕಳೆದರೆ ಆನೋಡಿನಲ್ಲಿ ೧೬೩. ಮೀಟರು ಅದಕ್ಕೆ ಹತ್ತಿರದ ಸಂಖ್ಯೆಯನ್ನು ತೋರಿಸಿದರೆ ನಿಮ್ಮ ಪ್ರತಿ ಶುದ್ಧವಾಗಿದೆ. ತೋರಿಸದಿದ್ದರೆ ಎಲ್ಲಿಯೋ ಲಿಪಿದೋಷವಿದೆ. ವಿದ್ಯುತ್ತು ಆರಿಸಿ, ಕೆಪಾಸಿಟರು ಬರಿದಾದುದನ್ನು ನೋಡಿಕೊಂಡು, ನಕ್ಷೆಯನ್ನು ಪಕ್ಕದಲ್ಲಿಟ್ಟು ಒಂದೊಂದು ಬೆಸುಗೆಯನ್ನೂ ಗುರುತು ಹಾಕುತ್ತ ಓದಿಕೊಳ್ಳಿರಿ.

ಎಲ್ಲ ಸರಿಯಾದ ಮೇಲೆ ಧ್ವನಿವರ್ಧಕಕ್ಕೆ ಕೂಡಿಸಿ, ತಟ್ಟೆ ಹಾಕದೆ, ಸದ್ದನ್ನು ನಿಧಾನವಾಗಿ ಏರಿಸಿ, ಪೆನ್ಸಿಲಿನ ಹಿಂತುದಿಯಿಂದ ವಾಲ್ವಿನ ಗಾಜನ್ನು ಮೆಲ್ಲಗೆ ತಟ್ಟಿ ನೋಡಿರಿ. ಸ್ಪೀಕರಿನಲ್ಲಿ ಸಣ್ಣಗೆ ಟಕ್ಕೆಂದರೆ ಚಿಂತೆಯಿಲ್ಲ. ಗಂಟೆ ಬಾರಿಸಿದಂತೆ ಠಣ್ಣೆಂದು ಎಳೆದರೆ ಒಳಗಿನ ಜಾಲರಿ ಸಡಿಲವಾಗಿದೆ ಎಂದರ್ಥ. ಅಂಥ ವಾಲ್ವು ಪೂರ್ವವರ್ಧಕಕ್ಕೆ ಸಲ್ಲದು. ಅದನ್ನು ದನಿ ಆಗಲೇ ದೊಡ್ಡದಾಗಿರುವ ಮುಂದಿನ ಯಂತ್ರದಲ್ಲಿ ಬಳಸಿಕೊಂಡು, ಇಲ್ಲಿಗೆ ಬೇರೊಂದನ್ನು ಹಾಕಿರಿ.